ಕಣಗಿಲೆಯ ರಾಶಿ

ಕಾಲುವೆಯ ಗೇಟು ಎತ್ತಿದ ಕರಕರ ಸದ್ದು ಕ್ವಾರ್ಟರ್ಸಿನ ತನಕ ಕೇಳಿತು. ಸುರಪುರದ ಹತ್ತಿರದ ಆ ನೀರಾವರಿ ಕಾಲೊನಿಯಲ್ಲಿ ಗಿಡ ನೋಡಿಕೊಳ್ಳುವ ಮಲ್ಲಾಬಾಯಿ, ಬೆಳಗಿನಿಂದ ಕಣಗಿಲೆ ಬೇಲಿ ಸವರಿ, ಎದೆಯೆತ್ತರದ ರಾಶಿಯ ಮುಂದೆ ನಿಂತಿದ್ದಳು. ಸಂಜೆಯೊಳಗೆ ರಾಶಿ ಕಾಣಬಾರದು, ಕಂಡರೆ ನಾಳೆ ಬರಬೇಡ ಎಂದು ಸಾಹೇಬರು ಹೇಳಿದ್ದರು. ಸುಡುವಂತಿಲ್ಲ, ಅದರ ಹೊಗೆಯೂ ವಿಷ. ಕಾಲುವೆಗೆ ಎಸೆಯುವಂತಿಲ್ಲ, ಕೆಳಗಿನ ಊರಿನ ಜನ, ದನ ಕುಡಿಯುವುದು ಅದೇ ನೀರು. ಕಸದ ಟ್ರ್ಯಾಕ್ಟರಿನವನು, "ಮನಿ ಕಸ ಇದ್ರ ಹಾಕು, ಗಿಡದ್ದು ನಮಗ ಬ್ಯಾಡ" ಎಂದು ಹೋಗಿಬಿಟ್ಟಿದ್ದ. ಬಿಟ್ಟು ಉಣ್ಣಲು ಹೋಗೋಣವೆಂದರೆ ಬೇಲಿಯಾಚೆ ಆಡು ಮೇಯಿಸುವ ಪರಮಣ್ಣನ ಆಡುಗಳು ಕತ್ತು ಚಾಚಿದ್ದವು. ಹಿಂದೊಮ್ಮೆ ಯಾರೋ ಎಸೆದ ಇದೇ ಸೊಪ್ಪು ತಿಂದು ಅವಳ ಆಡು ಒದ್ದಾಡಿ ಸತ್ತಿತ್ತು.

"ಏನಕ್ಕಾ, ರಾಶಿ ಪೂಜಿ ಮಾಡಾಕತ್ತೀಯೇನು?" ಎಂದ ಪರಮಣ್ಣ.

"ನಗು ನೀನು. ನಿನ್ನ ಆಡಿನ ಜೀವ ಕಾಯಾಕತ್ತೀನಿ. ಹೂಳಾಕ ಜಾಗಾನ ಇಲ್ಲೋ, ಎಲ್ಲಾ ಕಡಿ ಫರಸಿ ಕಲ್ಲು ಹಾಕ್ಯಾರ."

"ಸಾಹೇಬ್ರ ಕಿಟಕಿ ಮುಂದ ಹಾಕಿಲ್ಲಲ್ಲ."

ಮಲ್ಲಾಬಾಯಿ ಆ ಕಡೆ ನೋಡಿದಳು. ಸಾಹೇಬರು ದಿನಾ ಸಂಜೆ ಕುರ್ಚಿ ಹಾಕಿಕೊಳ್ಳುವ ಹುಲ್ಲುಹಾಸು. ಅಲ್ಲಿ ಸಲಿಕೆ ತಾಗಿಸಬಾರದೆಂದು ಮೊದಲ ದಿನವೇ ಹೇಳಿದ್ದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಆಡು ತಡಕೊಂಡು ನಿಂದ್ರು, ಕೇಳಿ ಬರ್ತೀನಿ. ಹೂಂ ಅಂದ್ರ ಗುಂಡಿ ನೀನ ತೋಡ್ಬೇಕು. ಇಲ್ಲಂದ್ರ ನಾಳಿಂದ ನಾನೂ ನಿನ್ನ ಜೋಡಿ ಆಡಿನ ಹಿಂದ..." ಎನ್ನುತ್ತಲೇ ಅವಳು ಸಾಹೇಬರ ಬಾಗಿಲ ಕಡೆ ನಡೆದುಬಿಟ್ಟಳು.