ಹಹ, ನೀನೇ ಬೂಬಿ

“ಸಾಬ್ರ ಪಾಠ ಬಂದೈತೆ ಕಣಮ್ಮ. ಏನ್ ಮಾಡ್ಲಿ, ವಾಪಸ್ ಕಳಿಸ್ಬುಡ್ಲಾ?”

ಬಾಗಿಲ ಪರದೆಯಾಚೆ ನಿಂತು ಪೋಸ್ಟ್‌ಮನ್ ಕೇಳಿದರು. ನನ್ನ ಗಂಡ ತೀರಿಕೊಂಡು ಆಗ ಒಂದು ತಿಂಗಳು. ಇದ್ದತ್‌ನ ಶೋಕದ ದಿನಗಳು, ನಾನು ಹೊಸಿಲು ದಾಟುವಂತಿರಲಿಲ್ಲ. (ಈ ಅಂಕಣ ಅಷ್ಟು ವಾರ ಕಾಣದಿದ್ದುದಕ್ಕೆ ಕಾರಣ ಅದೇ. ಕಾಗದ ಬರೆದು ವಿಚಾರಿಸಿದಿರಿ, ಮರೆಯಲಾರೆ.)

ನನ್ನವರದು ಗುಬ್ಬಿಯಲ್ಲಿ ಬಳೆ ಅಂಗಡಿ. ಬೆಳಗ್ಗೆ ಮನೆ ಹತ್ತಿರದ ಬಟವಾಡಿಯಲ್ಲಿ ಬಸ್ಸು ಹತ್ತಿದರೆ ಸಂಜೆಗೇ ವಾಪಸ್. ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ, ಅಂಚೆಯಲ್ಲಿ ರೇಡಿಯೋ ಜೋಡಿಸಲು ಕಲಿಸುವ ಕೋರ್ಸಿಗೆ ಸೇರಿದರು. ಹನ್ನೆರಡು ಪಾಠ, ಫೀಸೆಲ್ಲ ಮುಂಗಡ! ಮನೆಮನೆಗೆ ಕೇಬಲ್ ಟಿವಿ ಬಂದಿರುವಾಗ ರೇಡಿಯೋ ಯಾರಿಗೆ ಬೇಕು? ನಾನು ಜಗಳವಾಡಿದೆ.

“ದಿನಾ ಬೇರೆಯವ್ರ ಕೈ ಅಳತೆ ನೋಡ್ತೀನಿ. ಇದೊಂದು ನನ್ನ ಕೈಗೆ ಇರ್ಲಿ ಬಿಡು” ಅಂದರು.

ರೆಸಿಸ್ಟರ್ ಎಂಬ ಬಿಡಿಭಾಗ ಜೀರಿಗೆಗಿಂತ ತುಸು ದಪ್ಪ. ಮೈಮೇಲೆ ಬಣ್ಣದ ಗೆರೆಗಳು. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಅಂಕಿಗೆ ಒಂದೊಂದು ಬಣ್ಣ: ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಬಣ್ಣದ ನಡುವೆಯೇ ಬದುಕಿದ ಮನುಷ್ಯನಿಗೆ ಈ ಸಾಲು ಮಾತ್ರ ತಲೆಗೆ ಹತ್ತಲಿಲ್ಲ. ಒಂದು ದಿನ ಮೊದಲ ಅಕ್ಷರಗಳನ್ನಷ್ಟೇ ಓದಿ, ಅಡುಗೆಮನೆಗೆ ಓಡಿಬಂದರು.

“ಕಕ ಕೆಕಿ, ಹಹ, ನೀನೇ ಬೂಬಿ!”

ನನ್ನ ಹೆಸರು ಮೆಹಬೂಬಿ. ಮನೆಯಲ್ಲಿ ಬೂಬಿ. ಮನೆಮಾತು ಉರ್ದುವಾದರೂ ಈ ಹಾಡು ಕನ್ನಡದ್ದೇ. ಸಾರಿಗೆ ಉಪ್ಪು ಹೆಚ್ಚಾದರೂ, ಬೀಗದ ಕೈ ಕಾಣದಿದ್ದರೂ, ಹಹ, ನೀನೇ ಬೂಬಿ!

“ಕೊಟ್ಟು ಹೋಗಿ” ಎಂದೆ ಪೋಸ್ಟ್‌ಮನ್‌ಗೆ. ಐದನೇ ಪಾಠ.

ಕುಣಿಗಲ್‌ನಿಂದ ಬಂದಿದ್ದ ನನ್ನಣ್ಣ ನೋಡಿದ. “ತೀರ್ಕೊಂಡ್ರು ಅಂತ ಒಂದು ಕಾರ್ಡ್ ಹಾಕು, ನಿಲ್ಲಿಸ್ತಾರೆ.”

“ಯಾಕೆ ನಿಲ್ಲಿಸ್ಬೇಕು?”

“ಇನ್ನೇನು, ನೀನು ರೇಡಿಯೋ ರಿಪೇರಿ ಅಂಗಡಿ ಇಡ್ತೀಯೇನೇ?”

ಕಾರ್ಡು ಹಿಡಿದು ಕೂತೆ. ‘ತೀರಿಕೊಂಡರು’ ಎಂದು ಬರೆಯಲು ಕೈ ಬರಲಿಲ್ಲ. ಪಾಠದ ಜೊತೆ ಒಂದು ಪ್ರಶ್ನೆಪತ್ರಿಕೆ ಇತ್ತು. ಮೊದಲ ಪ್ರಶ್ನೆ: ರೆಸಿಸ್ಟರ್ ಬಣ್ಣಗಳನ್ನು ಕ್ರಮವಾಗಿ ಬರೆಯಿರಿ.

ಹತ್ತನ್ನೂ ಬರೆದೆ. ಒಮ್ಮೆಯೂ ತಡವರಿಸಲಿಲ್ಲ. (ಮಿಕ್ಕ ಪ್ರಶ್ನೆಗಳಲ್ಲಿ ಒಂದೂ ಅರ್ಥವಾಗಲಿಲ್ಲ.) ಕೆಳಗೆ ನನ್ನ ಹೆಸರು ಬರೆದು, ಅಣ್ಣನ ಕೈಲೇ ಪೋಸ್ಟ್ ಮಾಡಿಸಿದೆ.

ಮೊನ್ನೆ ಉತ್ತರ ಬಂತು. ಮೊದಲ ಪ್ರಶ್ನೆಗೆ ಪೂರ್ತಿ ಅಂಕ. ಮಿಕ್ಕದ್ದಕ್ಕೆ ಸೊನ್ನೆ, ಅಂದರೆ ಕಪ್ಪು. ಜೊತೆಗೊಂದು ಫಾರಂ: ‘ವಿದ್ಯಾರ್ಥಿಯ ಹೆಸರು ಬದಲಾಗಿದೆ. ಕಾರಣ ತಿಳಿಸಿ.’

ಅವರ ರೇಡಿಯೋ ಬಳೆ ಡಬ್ಬದಲ್ಲಿ ಅರ್ಧಕ್ಕೆ ನಿಂತಿದೆ. ಇನ್ನೂ ಏಳು ಪಾಠ ಬರಬೇಕು. ಉಪಯೋಗಕ್ಕೆ ಬಾರದ್ದನ್ನು ಕಲಿಯುವುದು ದಂಡ ಅಂತ ಎಷ್ಟು ಸುಲಭವಾಗಿ ಅಂದುಬಿಡುತ್ತೇವಲ್ಲ! ನಾನೂ ಅಂದಿದ್ದೆ.

ಫಾರಂನಲ್ಲಿ ಕಾರಣ ಬರೆಯಲು ಒಂದೇ ಗೆರೆ ಇತ್ತು. ಅಷ್ಟು ಸಾಕಾಯಿತು: ‘ಇನ್ನು ಮುಂದೆ ನಾನೇ, ಬೂಬಿ.’