ಚೇಳಿನ ಕೊಂಡಿಗೂ ಅದೇ ಹೊಲಿಗೆ

ಇವತ್ತು ಪರದೇಶದ ಈ ಹೆಡಿಂಗ್ಲೀಯಲ್ಲಿ ಕಾಲೇಜು ಫುಟ್‌ಬಾಲ್ ಫೈನಲ್! ಮೈದಾನದಂಚಿನಲ್ಲಿ ಕೂತು ಮಗಳ ಜೆರ್ಸಿಗೆ ‘ಹೆಡ್ಜ್‌ಹಾಗ್ಸ್’ ತಂಡದ ಮುಳ್ಳುಹಂದಿ ಬ್ಯಾಡ್ಜ್ ಹೊಲಿಯುತ್ತಿದ್ದೆ. ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮತ್ತೆ ಪುಟ್ಟ ಹುಡುಗಿಯಾಗಿ ಧಾರವಾಡದಲ್ಲಿ ಅವ್ವನ ಹೊಲಿಗೆ ಮಷಿನ್ನಿನ ಪಕ್ಕದಲ್ಲಿದ್ದೆ.

ಅಪ್ಪನ ತಮ್ಮ ಕಾಕಾನ ಕಾಲೇಜಿನವರು ‘ಗೂಳಿ’ಗಳು, ಅವರ ಕಡುವೈರಿಗಳು ‘ಚೇಳು’ಗಳು. ಎರಡೂ ತಂಡದ ಜೆರ್ಸಿಗೆ ಚಿತ್ರ ಹೊಲಿಯುವವಳು ಅವ್ವನೇ.

“ಅವ್ವಾ, ಚೇಳಿನ ಕೊಂಡಿ ಸಡ್ಲ ಹೊಲಿ, ಆಟದಾಗ ಕಿತ್ತು ಬೀಳ್ಲಿ!” ಎಂದು ಕಾಡಿದೆ.

ಅವ್ವ ಹಲ್ಲಲ್ಲಿ ದಾರ ಕಡಿದು, “ನಿಮ್ಮ ಕಾಕಾ ತನ್ನ ಕಾಲೀಲೆ ಗೆಲ್ಲಲಿ, ನನ್ನ ಸೂಜೀಲೆ ಬ್ಯಾಡ,” ಎಂದಳು.

ಆ ಪಂದ್ಯದ ಕೊನೆಯ ನಿಮಿಷದಲ್ಲಿ ಕಾಕಾ ಗೋಲು ಹೊಡೆದ! ಎಲ್ಲರಿಗಿಂತ ಮೊದಲು ಸೆರಗು ಬೀಸಿ ಕಿರುಚಿದ್ದು ಅವ್ವ.

ಅಷ್ಟರಲ್ಲಿ ಇಲ್ಲಿ ಹೆಡಿಂಗ್ಲೀಯಲ್ಲಿ ಮಗಳ ಎದುರಾಳಿ ತಂಡದ ಹುಡುಗಿಯೊಬ್ಬಳು ಕಿತ್ತುಹೋದ ಬ್ಯಾಡ್ಜ್ ಹಿಡಿದು ನನ್ನೆದುರು ನಿಂತಳು.

“ಮಮ್ಮೀ, ನೋ! ಅವಳು ಅವರ ಸ್ಟ್ರೈಕರ್!” ಎಂದು ಮಗಳು ಕೂಗುವಷ್ಟರಲ್ಲಿ, ನಾನು ಹಲ್ಲಲ್ಲಿ ದಾರ ಕಡಿಯುತ್ತಿದ್ದೆ.