ಷಡ್ಡಕನ ಹತ್ತು ಬೆಳ್ಳಿ ರೂಪಾಯಿ

ನನ್ನ ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಅಷ್ಟರಲ್ಲಿ ನೀವು ನನ್ನನ್ನು ಸಾಧು ಮನುಷ್ಯನೆಂದು ನಂಬಿಬಿಟ್ಟಿರುತ್ತೀರಿ.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಐಮಂಗಲದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಲಾರಿ ಟೈರುಗಳ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಓದಿದ್ದು ಏಳನೇ ಕ್ಲಾಸು. ನಾನು ಹೊಸದುರ್ಗದಲ್ಲಿ, ಆಮೇಲೆ ಚಿತ್ರದುರ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಹೀಗಿರುವಾಗ ಹೊಟ್ಟೆಕಿಚ್ಚು ಯಾಕೆ ಎಂದು ಕೇಳಬಹುದು. ಹೊಳಲ್ಕೆರೆಯ ಮಾವನ ಮನೆಗೆ ಇಬ್ಬರೂ ಒಟ್ಟಿಗೆ ಹೋದ ದಿನ ಬಂದು ನೋಡಬೇಕು. ನನಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿ, ಕೈಗೆ ಪೇಪರ್ ಕೊಟ್ಟು, "ಮೇಷ್ಟ್ರೇ, ಕುಂತ್ಕಳ್ರಿ" ಎನ್ನುತ್ತಾರೆ. ಅವನು ನೇರ ಅಡಿಗೆಮನೆಗೆ ನುಗ್ಗುತ್ತಾನೆ. ಅತ್ತೆ ಒಲೆ ಮೇಲಿನ ಹೋಳಿಗೆಯನ್ನು ಹೆಂಚಿನಿಂದಲೇ ಅವನ ಅಂಗೈಗೆ ಹಾಕುತ್ತಾರೆ. ಅದು ಸುಟ್ಟು ಅವನು ಕುಣಿಯುವುದು, ಮನೆಯವರೆಲ್ಲ ನಗುವುದು ನನಗೆ ಪೇಪರಿನ ಹಿಂದೆ ಕೇಳಿಸುತ್ತದೆ. ನಾನು ಆ ಮನೆಗೆ ಮೇಷ್ಟ್ರು, ಅವನು ಮಗ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಕುರ್ಚಿಯಲ್ಲಿ ಕುಳಿತು ಉರಿದಿದ್ದೇನೆ.

ಮಾವ ನಮ್ಮಿಬ್ಬರ ನಡುವೆ ಭೇದ ಮಾಡದೇ ಕೊಟ್ಟದ್ದು ಒಂದೇ ವಸ್ತು. ಮದುವೆಯಲ್ಲಿ ಅಳಿಯನ ಕಾಲು ತೊಳೆದು ಕೈಗೆ ಹತ್ತು ಬೆಳ್ಳಿ ರೂಪಾಯಿ ಇಡುವುದು ಆ ಮನೆಯ ಪದ್ಧತಿ. ಅವರ ಅಜ್ಜ ಒಂದು ಗಡಿಗೆಯಲ್ಲಿ ಕೂಡಿಟ್ಟಿದ್ದ, ಬ್ರಿಟಿಷ್ ರಾಜನ ತಲೆ ಇರುವ ಹಳೇ ರೂಪಾಯಿಗಳು. ನನಗೆ ಹತ್ತು, ಅವನಿಗೆ ಹತ್ತು.

ನನ್ನ ಹತ್ತನ್ನು ನಾನು ಬಹಳ ಭಕ್ತಿಯಿಂದ ಇಟ್ಟುಕೊಂಡೆ. ನಮ್ಮ ಕಡೆ ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿ ಇಡುತ್ತಾರೆ. ಇಡುವ ಮೊದಲು ಹುಣಸೆಹುಳಿ ಹಚ್ಚಿ, ಆಮೇಲೆ ವಿಭೂತಿಯಲ್ಲಿ ತಿಕ್ಕಿ ಫಳಫಳ ಮಾಡುತ್ತಾರೆ. ಕಪ್ಪಾದ ಬೆಳ್ಳಿ ಇಟ್ಟರೆ ಲಕ್ಷ್ಮಿ ಮುಖ ತಿರುಗಿಸುತ್ತಾಳಂತೆ. ಈ ಕೆಲಸವನ್ನು ನಾನು ಹೆಂಡತಿಗೂ ಬಿಟ್ಟುಕೊಡಲಿಲ್ಲ. ವರ್ಷಕ್ಕೊಮ್ಮೆ ಬಚ್ಚಲ ಕಟ್ಟೆಯ ಮೇಲೆ ಕುಳಿತು, ರಾಜನ ಗಡ್ಡದ ಸಂದಿಗೂ ಹಳೇ ಬ್ರಷ್ ಹಾಕಿ ತಿಕ್ಕುತ್ತಿದ್ದೆ. ಷಡ್ಡಕ ಈ ಗೋಜಿಗೇ ಹೋಗಲಿಲ್ಲ. ಅವನ ದೊಡ್ಡ ಹಬ್ಬ ಆಯುಧಪೂಜೆ. ಜಾಕಿಗೆ ಹೂವು ಮುಡಿಸಿ, ರಸ್ತೆಯಲ್ಲಿ ಕುಂಬಳಕಾಯಿ ಒಡೆದರೆ ಮುಗಿಯಿತು. ಮಾವ ಕೊಟ್ಟ ರೂಪಾಯಿಗಳನ್ನು ಕಾಗದದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದವನು ಮತ್ತೆ ತೆಗೆಯಲೇ ಇಲ್ಲ. ಇದನ್ನು ನಾನು ಮಾವನ ಕಿವಿಗೆ ಒಂದೆರಡು ಸಲ ಬೀಳುವ ಹಾಗೆ ಹೇಳಿದ್ದೂ ಉಂಟು. ಮಾವ, "ಅವನಿಗೆಲ್ಲಿ ಪುರುಸೊತ್ತು ಬಿಡ್ರಿ" ಎಂದು ಅವನ ಪರವೇ ಮಾತಾಡಿದರು.

ಆ ಹತ್ತು ರೂಪಾಯಿಯಿಂದ ನನಗೆ ನಾಣ್ಯದ ಹುಚ್ಚು ಹಿಡಿಯಿತು. ದೇವರ ಚಿತ್ರ, ಕೋಟೆಯ ಚಿತ್ರ, ಆನೆ, ನವಿಲು ಇರುವ ಹೊಸ ಬೆಳ್ಳಿ ನಾಣ್ಯಗಳು ಮಖಮಲ್ಲಿನ ಪೆಟ್ಟಿಗೆಯಲ್ಲಿ, ಒಂದು ಪ್ರಮಾಣಪತ್ರದೊಂದಿಗೆ ಬರುತ್ತವಲ್ಲ, ಅವನ್ನು ತರಿಸತೊಡಗಿದೆ. ಇವು ಕೆಲವೇ ಇವೆ, ಮುಂದೆ ಬೆಲೆ ಏರುತ್ತದೆ ಎಂದು ಜಾಹೀರಾತಿನಲ್ಲಿ ಬರೆದಿರುತ್ತಿತ್ತು. ಲೆಕ್ಕದ ಮೇಷ್ಟ್ರಾದ ನಾನು ಅದನ್ನು ಲೆಕ್ಕ ಹಾಕದೆ ನಂಬಿದೆ. ಹೆಂಡತಿ ಮಿಕ್ಸಿ ಕೇಳಿದ ವರ್ಷ ನವಿಲಿನ ನಾಣ್ಯ ಬಂತು.

ಚಿತ್ರದುರ್ಗದ ಹಳೇ ಪೇಟೆಯಲ್ಲಿ ಹಳೇ ನಾಣ್ಯ ಕೊಂಡು ಮಾರುವ ಒಬ್ಬ ಮುದುಕರಿದ್ದಾರೆ. ಮೂರು ವರ್ಷದ ಹಿಂದೆ ನನ್ನ ಹತ್ತು ರೂಪಾಯಿಗಳನ್ನು ಅವರಿಗೆ ತೋರಿಸಿದೆ. ಅವರು ಒಂದನ್ನು ಬೆಳಕಿಗೆ ಹಿಡಿದು, ಅಯ್ಯೋ ಎಂದರು.

"ಇಷ್ಟು ಚಂದ ತಿಕ್ಕಿದೋರು ಯಾರ್ರಿ?"

ನಾನು ಹೆಮ್ಮೆಯಿಂದ ನಾನೇ ಎಂದೆ.

"ಮುಖದ ಗೆರೆ ಎಲ್ಲಾ ಸವೆಸೀರಿ. ಹಳೇ ನಾಣ್ಯದ ಮೇಲೆ ತಾನಾಗಿ ಕೂತ ಕಪ್ಪು ಐತಲ್ಲ, ಅದ್ಕೇ ಬೆಲೆ. ನಮ್ಮ ಚಂದ್ರವಳ್ಳಿ ಅಗೆದಾಗ ಮಣ್ಣಾಗೆ ರಾಜರ ಕಾಲದ ನಾಣ್ಯ ಸಿಕ್ಕಿದ್ವಲ್ಲ, ಅವಕ್ಕೆ ಯಾರಾದ್ರೂ ಹುಣಸೆಹಣ್ಣು ಹಚ್ಚಿದ್ರೇನ್ರಿ? ಇವು ಈಗ ಬರೀ ಬೆಳ್ಳಿ. ತೂಕಕ್ಕೆ ಎಷ್ಟೋ ಅಷ್ಟು."

ತಿಕ್ಕದೆ ಇದ್ದಿದ್ದರೆ ಎಷ್ಟು ಬರುತ್ತಿತ್ತು ಎಂದು ಕೇಳಿದೆ. ಅವರು ಹೇಳಿದ್ದು ಕೇಳಿ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಐಮಂಗಲದ ಟ್ರಂಕಿನ ತಳದಲ್ಲಿ ಮಲಗಿದ್ದ ಇನ್ನೊಂದು ಹತ್ತು ಮಾತ್ರ ದಿನಾ ನೆನಪಾಗುತ್ತಿತ್ತು. ಸೋಮಾರಿತನಕ್ಕೆ ಸಿಗುವ ಬಹುಮಾನವೂ ಅವನಿಗೇ ಸಿಗಬೇಕೆ?

ಹೋದ ವರ್ಷ ಒಂದು ಭಾನುವಾರ ಅವನು ಅವನ್ನು ಹಿಡಿದುಕೊಂಡು ನಮ್ಮ ಮನೆಗೇ ಬಂದ. ಟವೆಲ್ಲಿನ ಗಂಟು ಬಿಚ್ಚಿ ಟೀಪಾಯಿ ಮೇಲೆ ಹರವಿದ.

"ಅಣ್ಣಾ, ನೀವು ಓದಿದೋರು. ಇವಕ್ಕೆ ಏನು ಬರ್ತೈತೆ ಒಂಚೂರು ನೋಡಿ ಹೇಳ್ರಿ. ಟೈರಿಗೆ ಹಾರೆ ಹಾಕಿ ಹಾಕಿ ಬಲಗೈ ಭುಜ ಹೋಗೈತೆ, ಮ್ಯಾಲಕ್ಕೇ ಏಳಲ್ಲ. ಟೈರ್ ಬಿಚ್ಚೋ ಮಿಷನ್ನು ಹಿರಿಯೂರಾಗೆ ಒಂದು ಹಳೇದು ಐತಂತೆ. ಇವು ಅದ್ಕೆ ಸಾಕಾಗ್ತಾವೇನೋ ಅಂತ."

ಭೂತಗನ್ನಡಿ ತಂದು ನೋಡಿದೆ. ಹತ್ತೂ ಟಂಕಸಾಲೆಯಿಂದ ಬಂದ ಹಾಗೇ ಇದ್ದವು. ರಾಜನ ಹುಬ್ಬಿನ ಕೂದಲು ಎಣಿಸಬಹುದಿತ್ತು. ಮೇಲೆ ನೀಲಿ ಬೆರೆತ ಕಪ್ಪು, ಅಂಚಿಗೆ ಕೆಂಪು. ಅಪರೂಪದ್ದೆಂದು ಮುದುಕರು ಹೇಳಿದ್ದ ಇಸವಿಯೂ ಎರಡರ ಮೇಲಿತ್ತು. ಒಂದು ಮಿಷನ್ನೇನು, ಎರಡು ಬರುತ್ತಿದ್ದವು.

ಹಳೇ ಪೇಟೆಯ ಮುದುಕರ ವಿಳಾಸ ಕೊಟ್ಟೆ. ಅವನು ಒಂದು ನಾಣ್ಯವನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, ಸಂಕೋಚದಿಂದ ಕೇಳಿದ.

"ಕಪ್ಪು ಹಿಡಿದಾವೆ. ಹಿಂಗೇ ಒಯ್ಯಲಾ, ತೊಳ್ಕಂಡು ಒಯ್ಯಲಾ?"

ಒಳಗೆ ಹೆಂಡತಿ ಅವನಿಗೆಂದು ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು. ನಾನು ಕೇಳಿದರೆ ಬಿಸ್ಕತ್ತು ಕೊಡುವವಳು. ಆ ಒಗ್ಗರಣೆಯ ವಾಸನೆಯೇ ನನ್ನ ಬಾಯಿಂದ ಆ ಮಾತು ಹೊರಡಿಸಿತು ಎಂದರೆ ಸುಳ್ಳಾಗುತ್ತದೆ. ಮಾತು ಮೊದಲೇ ಸಿದ್ಧವಾಗಿತ್ತು.

"ತೊಳ್ಕಂಡು ಹೋಗಪ್ಪ. ಹುಣಸೆಹಣ್ಣು, ವಿಭೂತಿ ಹಾಕಿ ಚೆನ್ನಾಗಿ ತಿಕ್ಸು. ಹಿಂಗೆ ಮಸಿ ಬಡ್ಕಂಡಿದ್ರೆ ಯಾರು ಮುಟ್ತಾರೆ?"

ಹತ್ತು ದಿನದ ಮೇಲೆ ಪೇಟೆಯಿಂದ ಹಿಂದಿರುಗುವಾಗ ಅವನು ಮತ್ತೆ ಬಂದ. ಗಂಟು ಹಾಗೇ ಇತ್ತು. "ಬೆಳ್ಳಿ ರೇಟು ಅಷ್ಟೇ ಅಂದ್ರಣ್ಣಾ. ಮಿಷನ್ನಿಗೆ ಸಾಲಲ್ಲ. ಇರ್ಲಿ ಬಿಡ್ರಿ, ಮಾವ ಕೊಟ್ಟಿದ್ದು, ಮನ್ಯಾಗೆ ಇರ್ತಾವೆ" ಎಂದು ಕಾಫಿ ಕುಡಿದು ನಕ್ಕು ಹೋದ. ನಾಣ್ಯಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಆ ದಿನ ನಾನು ಎರಡು ಮುದ್ದೆ ಉಂಡೆ. ಬರೆಯಲು ಕಷ್ಟವಾಗುತ್ತಿದೆ, ಆದರೂ ನಿಜ: ಬಹಳ ದಿನದ ಮೇಲೆ ಊಟ ರುಚಿಸಿತ್ತು.

ಈಚೆಗೆ ಬೆಳ್ಳಿಯ ಬೆಲೆ ಏರಿತೆಂದು ಎಲ್ಲರೂ ಮಾತಾಡುತ್ತಿದ್ದಾಗ, ನನ್ನ ಮಖಮಲ್ಲಿನ ಪೆಟ್ಟಿಗೆಗಳನ್ನು ಚೀಲಕ್ಕೆ ತುಂಬಿ ಅದೇ ಮುದುಕರ ಅಂಗಡಿಗೆ ಹೋದೆ. ಅವರು ಪೆಟ್ಟಿಗೆ, ಪ್ರಮಾಣಪತ್ರ ಎಲ್ಲ ಪಕ್ಕಕ್ಕಿಟ್ಟು ನಾಣ್ಯಗಳನ್ನಷ್ಟೇ ತಕ್ಕಡಿಗೆ ಹಾಕಿದರು. ನವಿಲಿಗೂ ಆನೆಗೂ ಒಂದೇ ಬೆಲೆ. ಬೆಳ್ಳಿ ಏರಿದ್ದರಿಂದ ಗಂಟು ಮುಳುಗಲಿಲ್ಲ. ಆದರೆ ಅದೇ ದುಡ್ಡಿಗೆ ಅಂದು ಬರೀ ಬೆಳ್ಳಿ ಗಟ್ಟಿ ತಂದಿಟ್ಟಿದ್ದರೆ ಹೆಚ್ಚುಕಡಿಮೆ ಇದರ ಎರಡರಷ್ಟು ಇರುತ್ತಿತ್ತು. "ಚಿತ್ರಕ್ಕೆ ಕೊಟ್ಟ ದುಡ್ಡು ತಿರುಗಿ ಬರಲ್ಲ ಮೇಷ್ಟ್ರೇ. ಸಾವಿರಗಟ್ಲೆ ಜನ ಇಂಥವೇ ಪೆಟ್ಟಿಗೆ ಇಟ್ಕಂಡು ಕುಂತವ್ರೆ" ಎಂದರು. ಮಾರದೆ ಚೀಲಕ್ಕೆ ಮತ್ತೆ ತುಂಬುವಾಗ ಅವರೇ ನೆನಪು ಮಾಡಿಕೊಂಡು ಹೇಳಿದರು.

"ನೀವು ಕಳಿಸಿದ್ರಲ್ಲ, ನಿಮ್ ಷಡ್ಡಕರು. ಎಂಥಾ ಮಾಲು ಹಾಳು ಮಾಡಿದ್ರು. ತಂದಾಗ ಹೊಸದಾಗಿ ತಿಕ್ಕಿದ್ದು, ಕೈಗೆ ವಿಭೂತಿ ಹತ್ತುತ್ತಿತ್ತು. ತಿಕ್ಕು ಅಂತ ಹೇಳಿದೋನು ಏನೂ ಗೊತ್ತಿಲ್ಲದೋನು, ಇಲ್ಲಾ ಎಲ್ಲಾ ಗೊತ್ತಿರೋನು ಅಂದೆ. ಪಾಪ, ಒಂದೊಂದೇ ನಾಣ್ಯ ಎತ್ತಿ ಗಂಟು ಕಟ್ಕಂಡ್ರು. ಆಮೇಲೆ, ಯಾರೂ ಹೇಳಿಲ್ಲ, ನಮ್ಮನೆಯವಳು ತಿಳೀದೆ ತಿಕ್ಕಿದ್ಲು ಅಂದ್ರು."

ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆಯಿತು, ಆದರೆ ಅದಕ್ಕಿಂತ ಮೊದಲು ಬಂದದ್ದು ಹಳೆಯ ಉರಿಯೇ. ಇದರಲ್ಲೂ ಅವನೇ ಮೇಲಾದನಲ್ಲ! ಆ ದಿನ ಎಲ್ಲ ತಿಳಿದೂ ನಮ್ಮ ಮನೆಯ ಕಾಫಿ ಕುಡಿದು ನಕ್ಕು ಹೋಗಿದ್ದ.

ಮರುದಿನ ಹಿರಿಯೂರಿನ ಬಸ್ಸು ಹತ್ತಿ ಐಮಂಗಲದಲ್ಲಿ ಇಳಿದೆ. ಅವನು ಒಂದು ಲಾರಿಯ ಚಕ್ರದ ಮುಂದೆ ಕುಳಿತಿದ್ದ. ನನ್ನನ್ನು ಕಂಡು, "ಬರ್ರಿ ಅಣ್ಣಾ, ಕುಂತ್ಕಳ್ರಿ" ಎಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. ಗೊತ್ತಿದ್ದೇ ಹೇಳಿದೆ ಕಣಪ್ಪ, ತಿಕ್ಕಿದರೆ ಬೆಲೆ ಹೋಗುತ್ತದೆ ಎಂದು ಗೊತ್ತಿತ್ತು ಎಂದೆ. ಪೆಟ್ಟಿಗೆಯ ನಾಣ್ಯಗಳನ್ನೆಲ್ಲ ಮಾರಿ ಮಿಷನ್ ಕೊಡಿಸುತ್ತೇನೆ ಎಂದೂ ಹೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. ಚಕ್ರದ ನಟ್ಟುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದ.

"ಬ್ಯಾಡಣ್ಣಾ. ನೀವು ಅವನ್ನ ಮಾರಿದ್ರೆ ಯಾಕೆ ಅಂತ ಅಕ್ಕ ಕೇಳ್ತಾರೆ. ಏನಂತ ಹೇಳ್ತೀರಿ?"

ನಾನು ಆ ಸ್ಟೂಲಿನ ಮೇಲೆ ಕುಳಿತೆ.

"ನಮ್ಮೆಜಮಾನ್ರು ಮಾತು ಕಮ್ಮಿ, ಆದ್ರೆ ಯಾರಿಗೂ ಕೇಡು ಬಯಸೋರಲ್ಲ ಅಂತ ನಮ್ಮನೆಗೆ ಬಂದಾಗೆಲ್ಲ ಹೇಳ್ತಾರೆ ಅಕ್ಕ. ಅದು ಹಂಗೇ ಇರ್ಲಿ."

ನನ್ನ ಹೆಂಡತಿ ನನ್ನನ್ನು ಹೊಗಳುತ್ತಾಳೆಂದು ನನಗೆ ಗೊತ್ತಾದದ್ದು ಹೀಗೆ. ಅವನು ಕಬ್ಬಿಣದ ಹಾರೆ ತೆಗೆದುಕೊಂಡು, ಎಡಗೈಯಿಂದ ಟೈರಿನ ಅಂಚಿಗೆ ಸಿಕ್ಕಿಸಿ, ಮೇಲೆ ಹತ್ತಿ ನಿಂತು ತುಳಿಯತೊಡಗಿದ.